ಬಿಲ್ಲಿನ ಮೈಮೇಲಿನ ಕೆತ್ತನೆ

ಮರದ ಬಿಲ್ಲೊಂದನ್ನು ಕೈಯಾರೆ ಮಾಡಿ ಮುಗಿಸಿದವನಿಗೆ ಅದನ್ನು ಅಲಂಕರಿಸಬೇಕೆಂಬ ಆಸೆ ಹುಟ್ಟುವುದು ಸಹಜ. ಬೇಲೂರಿನ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯನ್ನು ಕಂಡವರಿಗೂ ಯಕ್ಷಗಾನದ ಅರ್ಜುನನ ಕೈಯಲ್ಲಿ ಹೊಳೆಯುವ ಬಿಲ್ಲನ್ನು ಕಂಡವರಿಗೂ ಬಿಲ್ಲೆಂದರೆ ಅಲಂಕಾರವುಳ್ಳ ವಸ್ತುವೆಂಬ ಭಾವನೆ ಬೇರೂರಿರುತ್ತದೆ. ಆದರೆ ಕಲ್ಲಿನ ಬಿಲ್ಲು ಬಾಗುವುದಿಲ್ಲ. ರಂಗದ ಮೇಲಿನ ಬಿಲ್ಲಿನ ಹೆದೆಯನ್ನು ಯಾರೂ ನಿಜವಾಗಿ ಕಿವಿಯವರೆಗೆ ಸೆಳೆಯುವುದಿಲ್ಲ. ನಮ್ಮ ಸಾಗರ, ಸೊರಬಗಳ ಗುಡಿಗಾರರು ಗಂಧದ ಪೆಟ್ಟಿಗೆಯ ಮೇಲೆ ಎಲೆ ಬಳ್ಳಿಗಳನ್ನು ಎಷ್ಟು ಆಳವಾಗಿ ಕೆತ್ತಿದರೂ ಪೆಟ್ಟಿಗೆಗೆ ಬಾಧಕವಿಲ್ಲ. ಬಾಣ ಬಿಡುವ ಬಿಲ್ಲಿನ ಸಂಗತಿಯೇ ಬೇರೆ. ಅದರ ಮೈಯಲ್ಲಿ ಉಳಿಯನ್ನು ಎಲ್ಲಿ ಇಡಬಹುದು, ಎಲ್ಲಿ ಇಡಬಾರದು ಎಂಬುದನ್ನು ನಿರ್ಧರಿಸುವವನು ಕಲಾವಿದನಲ್ಲ, ಮರದೊಳಗಿನ ಬಲಗಳು.

ಈ ಪಾಠವನ್ನು ನಾವು ಪುಸ್ತಕದಿಂದ ಕಲಿಯುವ ಮೊದಲು ಒಂದು ಮುರಿದ ಬಿಲ್ಲಿನಿಂದ ಕಲಿತೆವೆಂಬುದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಕೆಳಗೆ ನೇರ ಎಳೆಗಳುಳ್ಳ ತೇಗದ ಪಟ್ಟಿಯೊಂದನ್ನು ಸಂಪಾದಿಸಿ, ಸುಮಾರು ಐದು ಅಡಿ ಉದ್ದದ ಬಿಲ್ಲನ್ನು ಮಾಡಿದೆವು. ಬಿಲ್ಲು ಚೆನ್ನಾಗಿಯೇ ಬಾಗುತ್ತಿತ್ತು. ಅಷ್ಟಕ್ಕೆ ಬಿಟ್ಟಿದ್ದರೆ ಇಂದಿಗೂ ಅದು ನಮ್ಮ ಬಳಿ ಇರುತ್ತಿತ್ತೇನೋ. ಅದರ ಹೊರಮೈ ಬರಿದಾಗಿ ಕಾಣುತ್ತಿದೆಯೆಂದು ಮೇಲಿನ ತೋಳಿನ ಮೇಲೆ ಬಳ್ಳಿಯೊಂದನ್ನು ಕೆತ್ತಿದೆವು. ಎಲೆಗಳ ನರಗಳಿಗೆ ಉಳಿಯ ಮೊನೆಯಿಂದ ಚೂಪಾದ ಗೆರೆಗಳನ್ನು ಎಳೆದೆವು. ನೋಡಿದವರೆಲ್ಲ ಮೆಚ್ಚಿದರು. ಮಾರನೆಯ ದಿನ ಹೆದೆ ಸೆಳೆಯುತ್ತಿರುವಾಗ ಪಟಾಕಿ ಸಿಡಿದಂತೆ ಸದ್ದಾಗಿ ಮೇಲಿನ ತೋಳು ಮುರಿದು, ಒಂದು ಸಿಬಿರು ಕೆನ್ನೆಯ ಪಕ್ಕದಲ್ಲೇ ಹಾರಿಹೋಯಿತು. ಕಣ್ಣು ಉಳಿದದ್ದು ಅದೃಷ್ಟ. ತುಂಡುಗಳನ್ನು ಜೋಡಿಸಿ ನೋಡಿದಾಗ, ಬಿರುಕು ಆರಂಭವಾದದ್ದು ಎಲೆಯೊಂದರ ನಡುನರದ ತಳದಲ್ಲಿ, ಆ ಗೆರೆ ಮರದ ಎಳೆಗಳನ್ನು ಅಡ್ಡಲಾಗಿ ಕತ್ತರಿಸಿದ್ದ ಜಾಗದಲ್ಲಿ. ಕೆತ್ತನೆಯಿಲ್ಲದ ಕೆಳಗಿನ ತೋಳಿಗೆ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಹೀಗೇಕಾಯಿತೆಂಬುದನ್ನು ವಿಚಾರಮಾಡೋಣ.

ಮೊದಲು ಬಿಲ್ಲಿನ ಅಂಗಗಳ ಪರಿಚಯ. ಕೈಯಿಂದ ಹಿಡಿಯುವ ನಡುಭಾಗವೇ ಹಿಡಿ. ಅದರ ಮೇಲೆ ಒಂದು, ಕೆಳಗೆ ಒಂದು ತೋಳು. ತೋಳುಗಳ ತುದಿಯಲ್ಲಿ ಹೆದೆಯನ್ನು ಸಿಕ್ಕಿಸುವ ಕಚ್ಚಿಗೆ ಕೊಪ್ಪು ಎಂದು ಹೆಸರು. ಹೆಂಗಸರ ಕಿವಿಯ ಆಭರಣಕ್ಕೂ ಇದೇ ಹೆಸರಿರುವುದನ್ನು ವಾಚಕರು ಗಮನಿಸಿರಬಹುದು. ಗುರಿಯ ಕಡೆಗಿರುವ ಮೈಯನ್ನು ಬಿಲ್ಲಿನ ಬೆನ್ನೆಂದೂ ಬಿಲ್ಲುಗಾರನ ಕಡೆಗಿರುವ ಮೈಯನ್ನು ಹೊಟ್ಟೆಯೆಂದೂ ಕರೆಯೋಣ.

ಹೆದೆಯನ್ನು ಸೆಳೆದಾಗ ತೋಳುಗಳು ಬಿಲ್ಲುಗಾರನ ಕಡೆಗೆ ಬಾಗುತ್ತವೆ. ಆಗ ಬೆನ್ನಿನ ಮೇಲಿನ ಎಳೆಗಳು ಉದ್ದವಾಗಬೇಕು, ಹೊಟ್ಟೆಯ ಮೇಲಿನ ಎಳೆಗಳು ಗಿಡ್ಡವಾಗಬೇಕು. ಎಂದರೆ ಬೆನ್ನಿನಲ್ಲಿ ಸೆಳೆತ, ಹೊಟ್ಟೆಯಲ್ಲಿ ಅದುಮು. ಇವೆರಡರ ನಡುವೆ ಎಲ್ಲಿಯೋ ಒಂದು ಪದರ ಉದ್ದವೂ ಆಗದೆ ಗಿಡ್ಡವೂ ಆಗದೆ ಇರಲೇಬೇಕಷ್ಟೆ. ಅದೇ ತಟಸ್ಥ ಪದರ. ಈ ಪದರದಿಂದ ಎಷ್ಟು ದೂರ ಹೋದರೆ ಅಷ್ಟು ಹೆಚ್ಚು ಹಿಗ್ಗು ಅಥವಾ ಕುಗ್ಗು. ಆದುದರಿಂದ ಬಿಲ್ಲಿನ ಅತ್ಯಂತ ಕಷ್ಟಜೀವಿಗಳು ಹೊರಚರ್ಮದಂತಿರುವ ಎರಡು ಮೈಗಳ ಎಳೆಗಳು. ಕೆತ್ತನೆಗಾರನ ಉಳಿ ಮೊದಲು ಮುಟ್ಟುವುದೂ ಅವನ್ನೇ!

ಲೆಕ್ಕ ಸುಲಭವಾಗಿದೆ. ತೋಳಿನ ದಪ್ಪ 15 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಪೂರ್ತಿ ಸೆಳೆದಾಗ ಅದು 90 ಸೆಂಟಿಮೀಟರ್ ತ್ರಿಜ್ಯವುಳ್ಳ ವೃತ್ತದ ಕಂಸದಂತೆ ಬಾಗಲಿ. ತಟಸ್ಥ ಪದರದಿಂದ ಬೆನ್ನಿಗೆ ಇರುವ ದೂರ 7.5 ಮಿಲಿಮೀಟರ್. ಅದನ್ನು ತ್ರಿಜ್ಯವಾದ 900 ಮಿಲಿಮೀಟರಿನಿಂದ ಭಾಗಿಸಿದರೆ 120ರಲ್ಲಿ 1 ಅಂಶ, ಎಂದರೆ ಶೇಕಡಾ 0.83 ಹಿಗ್ಗು. ಸಾಮಾನ್ಯವಾಗಿ ಒಣಮರಗಳು ಶೇಕಡಾ ಒಂದರ ಆಸುಪಾಸಿನಲ್ಲಿಯೇ ಸೋಲುತ್ತವೆ. ಒಳ್ಳೆಯ ಬಿಲ್ಲು ತನ್ನ ಜೀವಮಾನವನ್ನೆಲ್ಲ ಮುರಿಯುವ ಅಂಚಿನಲ್ಲಿಯೇ ಕಳೆಯುತ್ತದೆ. ಸೇತುವೆಯನ್ನೋ ಮನೆಯ ತೊಲೆಯನ್ನೋ ಕಟ್ಟುವವನು ಹಲವು ಪಾಲು ಬಲವನ್ನು ಮೀಸಲಾಗಿಡುತ್ತಾನೆ. ಬಿಲ್ಲಿನಲ್ಲಿ ಹಾಗೆ ಮೀಸಲಿಟ್ಟರೆ ಅದು ಬಾಣವನ್ನೆಸೆಯದ ದೊಣ್ಣೆಯಾಗಿಬಿಡುತ್ತದೆ.

ಈಗ ಬೆನ್ನಿನ ಮೇಲೆ ಒಂದೇ ಒಂದು ಮಿಲಿಮೀಟರ್ ಆಳಕ್ಕೆ ಕೆತ್ತಿದೆವೆನ್ನಿ. ಪಟ್ಟಿಯ ಬಿಗುವು ಅದರ ಅಗಲಕ್ಕೆ ನೇರ ಅನುಪಾತದಲ್ಲಿಯೂ ದಪ್ಪದ ಘನಕ್ಕೆ ಅನುಪಾತದಲ್ಲಿಯೂ ಇರುತ್ತದೆ. 15 ಮಿಲಿಮೀಟರ್ 14 ಆದಾಗ, ಹದಿನೈದರಲ್ಲಿ ಹದಿನಾಲ್ಕು ಅಂಶದ ಘನ 0.81; ಎಂದರೆ ಬಿಗುವು ನೂರಕ್ಕೆ 19ರಷ್ಟು ಹೋಯಿತು. ಅದೇ ಒಂದು ಮಿಲಿಮೀಟರನ್ನು 40 ಮಿಲಿಮೀಟರ್ ಅಗಲದಿಂದ ತೆಗೆದಿದ್ದರೆ ಹೋಗುತ್ತಿದ್ದುದು ನೂರಕ್ಕೆ ಎರಡೂವರೆ ಮಾತ್ರ. ತೋಳಿನ ಒಂದು ಭಾಗ ಮಾತ್ರ ಹೀಗೆ ಮೆತ್ತಗಾದರೆ ಬಾಗುವ ಕೆಲಸವೆಲ್ಲ ಅಲ್ಲಿಗೇ ಬಂದು ಕೂಡುತ್ತದೆ. ಬಿಲ್ಲು ಕಮಾನಿನಂತೆ ಬಾಗದೆ ಬಾಗಿಲಿನ ಕೀಲಿನಂತೆ ಮಡಿಚತೊಡಗುತ್ತದೆ. ಮೈಮೇಲಿನ ಹಿಗ್ಗು ಆ ಸ್ಥಳದಲ್ಲಿ ದಪ್ಪದ ವರ್ಗಕ್ಕೆ ವಿಲೋಮವಾಗಿ ಏರಿ, 0.83ರಿಂದ ಸುಮಾರು 0.95ಕ್ಕೆ ಬರುತ್ತದೆ. ಮುರಿಯುವ ಎಲ್ಲೆಯನ್ನು ಇನ್ನೂ ಮುಟ್ಟಿಲ್ಲವೆಂದು ಸಮಾಧಾನಪಡುವ ಹಾಗಿಲ್ಲ. ಏಕೆಂದರೆ ಕೆತ್ತನೆಯ ಆಳವನ್ನಷ್ಟೆ ಲೆಕ್ಕಕ್ಕೆ ತೆಗೆದುಕೊಂಡೆವು, ಆಕಾರವನ್ನು ಗಮನಿಸಲಿಲ್ಲ.

1913ರಲ್ಲಿ ಸಿ. ಇ. ಇಂಗ್ಲಿಸ್ ಎಂಬ ಇಂಗ್ಲಿಷ್ ಎಂಜಿನಿಯರು ಲೋಹದ ತಗಡಿನಲ್ಲಿರುವ ತೂತಿನ ಸುತ್ತ ಬಲವು ಹೇಗೆ ಹಂಚಿಹೋಗುತ್ತದೆಂಬುದನ್ನು ಗಣಿತದಿಂದ ತೋರಿಸಿದರು. ಹೊಳೆಯ ನೀರು ಸೇತುವೆಯ ಕಂಬದ ಅಂಚಿನಲ್ಲಿ ಕಿಕ್ಕಿರಿದು ಹರಿಯುವಂತೆ, ಸೆಳೆತವೂ ಗೀರಿನ ತಳದಲ್ಲಿ ಕಿಕ್ಕಿರಿಯುತ್ತದೆ. ಗೀರಿನ ಆಳವನ್ನು ಅದರ ತಳದ ದುಂಡುತನದ ತ್ರಿಜ್ಯದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ, ಒಂದನ್ನು ಕೂಡಿಸಿರಿ. ಸೆಳೆತ ಎಷ್ಟುಪಾಲು ಹೆಚ್ಚುತ್ತದೆಂಬುದು ಸ್ಥೂಲವಾಗಿ ಸಿಕ್ಕುತ್ತದೆ. ಒಂದು ಮಿಲಿಮೀಟರ್ ಆಳದ ಗೀರಿನ ತಳ 4 ಮಿಲಿಮೀಟರ್ ತ್ರಿಜ್ಯದ ಬೋಗುಣಿಯಂತಿದ್ದರೆ ಎರಡು ಪಾಲು. ಉಳಿಯ ಮೊನೆ ಕೊರೆದ ಚೂಪುಗೆರೆಯಾಗಿ ತ್ರಿಜ್ಯ 0.1 ಮಿಲಿಮೀಟರ್ ಆಗಿದ್ದರೆ ಏಳು ಪಾಲಿಗೂ ಮೇಲೆ! ಮರವು ತಗಡಿನಂತೆ ಏಕರೂಪವಾದ ವಸ್ತುವಲ್ಲದ ಕಾರಣ ಈ ಸಂಖ್ಯೆಗಳನ್ನು ಅಕ್ಷರಶಃ ನಂಬಬಾರದು. ಆದರೆ ನಮ್ಮ ಎಲೆಯ ನಡುನರ ಮಾಡಿದ ಅನಾಹುತದ ದಿಕ್ಕನ್ನು ಅವು ಸರಿಯಾಗಿಯೇ ತೋರಿಸುತ್ತವೆ.

ಎಳೆಗಳ ಮಾತು

ಮರವೆಂದರೆ ಉದ್ದುದ್ದನೆಯ ಕೊಳವೆಗಳಂಥ ಕೋಶಗಳನ್ನು ಒಂದಕ್ಕೊಂದು ಅಂಟಿಸಿದ ಕಟ್ಟು. ಉದ್ದಕ್ಕೆ ಎಳೆದರೆ ಅದು ಬಹಳ ಗಟ್ಟಿ. ಅಡ್ಡಕ್ಕೆ ಎಳೆದರೆ ಆ ಬಲದ ಇಪ್ಪತ್ತನೆಯ ಒಂದು ಪಾಲೂ ಇರಲಾರದು. ಸೌದೆ ಒಡೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೊಡಲಿಯ ಒಂದು ಏಟಿಗೆ ಸೀಳುವ ಕೊರಡನ್ನು ಅಡ್ಡಕ್ಕೆ ತುಂಡರಿಸಲು ಎಷ್ಟು ಹೊತ್ತು ಬೇಕು! ಬೆನ್ನಿನ ಮೇಲೆ ಎಳೆಯೊಂದನ್ನು ಅಡ್ಡಲಾಗಿ ಕತ್ತರಿಸಿದಾಗ ಅದು ಹೊತ್ತಿದ್ದ ಸೆಳೆತ ಮಾಯವಾಗುವುದಿಲ್ಲ, ಪಕ್ಕದ ಎಳೆಗಳಿಗೆ ದಾಟಬೇಕು. ದಾಟುವುದಕ್ಕೆ ಇರುವ ದಾರಿ ಎಳೆಗಳ ನಡುವಣ ದುರ್ಬಲವಾದ ಅಂಟು. ಅಂಟು ಬಿಟ್ಟಿತೆಂದರೆ ಕತ್ತರಿಸಿದ ಎಳೆ ಸಿಬಿರಾಗಿ ಮೇಲೇಳುತ್ತದೆ, ದಪ್ಪ ಇನ್ನೂ ಕಡಿಮೆಯಾಗುತ್ತದೆ, ಮುಂದಿನ ಎಳೆ ಹೋಗುತ್ತದೆ. ಇದೆಲ್ಲ ನಡೆಯುವುದು ಕಣ್ಣು ಮಿಟುಕಿಸುವುದರೊಳಗೆ.

ಹೊಟ್ಟೆಯ ಕಡೆ ಸ್ಥಿತಿ ಬೇರೆ. ಅನೇಕ ಮರಗಳು ಉದ್ದಕ್ಕೆ ಸೆಳೆತವನ್ನು ತಾಳುವಷ್ಟರಲ್ಲಿ ಅರ್ಧದಷ್ಟು ಮಾತ್ರ ಅದುಮನ್ನು ತಾಳುತ್ತವೆ. ಹಾಗಾದರೆ ಹೊಟ್ಟೆಯನ್ನು ಕೆತ್ತುವುದೇ ಹೆಚ್ಚು ಅಪಾಯವಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಸೋಲುವ ಬಗೆಯಲ್ಲಿ ವ್ಯತ್ಯಾಸವುಂಟು. ಅದುಮಿಗೆ ಸಿಕ್ಕಿದ ಗೀರು ಬಾಯಿ ತೆರೆಯುವುದಿಲ್ಲ, ಮುಚ್ಚಿಕೊಳ್ಳುತ್ತದೆ, ಬಿರುಕು ಓಡುವುದಿಲ್ಲ. ಎಳೆಗಳು ಮೆಲ್ಲಮೆಲ್ಲನೆ ಸುಕ್ಕುಗಟ್ಟುತ್ತವೆ, ಬಿಲ್ಲು ಹೆದೆ ಬಿಚ್ಚಿದ ಮೇಲೂ ಬಾಗಿಯೇ ಉಳಿಯುತ್ತದೆ, ಬಾಣದ ವೇಗ ತಗ್ಗುತ್ತದೆ. ಬಿಲ್ಲು ಕೆಡುತ್ತದೆ, ಆದರೆ ಎಚ್ಚರಿಕೆ ಕೊಟ್ಟು ಕೆಡುತ್ತದೆ. ಬೆನ್ನು ಎಚ್ಚರಿಕೆ ಕೊಡುವುದಿಲ್ಲ.

ಈ ಕಾರಣದಿಂದಲೇ ಬಿಲ್ಲುಗಾರರು ಬೆನ್ನನ್ನು ಉಳಿಯಿಂದ ಮುಟ್ಟುವುದಕ್ಕೆ ಹಿಂಜರಿಯುತ್ತಾರೆ. ತೊಗಟೆಯನ್ನು ಸುಲಿದಾಗ ಸಿಗುವ ಮೈಯನ್ನೇ ಬೆನ್ನಾಗಿ ಉಳಿಸುವುದುಂಟು. ಇಲ್ಲವೆ ಒಂದೇ ವಾರ್ಷಿಕ ಉಂಗುರವನ್ನು ತುದಿಯಿಂದ ತುದಿಗೆ ಎಲ್ಲಿಯೂ ಕಡಿಯದಂತೆ ಹಿಂಬಾಲಿಸಿ ಬಿಡಿಸುತ್ತಾರೆ. ಇದಕ್ಕೆ ದಿನಗಟ್ಟಲೆ ತಾಳ್ಮೆ ಬೇಕು. ಅಷ್ಟು ತಾಳ್ಮೆಯಿಂದ ಕಾಪಾಡಿದ ಮೈಯ ಮೇಲೆ ನಾವು ಬಳ್ಳಿ ಕೆತ್ತಲು ಹೋದೆವು!

ಉಳಿಗೆ ಎಡೆಯೆಲ್ಲಿ?

ಮೊದಲ ಸ್ಥಾನ ಹಿಡಿಗೆ. ತೋಳಿನ ದಪ್ಪ 15 ಮಿಲಿಮೀಟರ್, ಅಗಲ 40 ಇರುವಲ್ಲಿ, ಹಿಡಿಯ ದಪ್ಪ 30, ಅಗಲ 20 ಇರಲಿ. ಅಗಲ ಅರ್ಧವಾದರೂ ದಪ್ಪದ ಘನ ಎಂಟು ಪಾಲಾಗುವುದರಿಂದ ಹಿಡಿಯ ಬಿಗುವು ತೋಳಿನ ನಾಲ್ಕರಷ್ಟು. ಒಂದೇ ಬಲಕ್ಕೆ ಅದರ ಮೈಮೇಲಿನ ಪೀಡನ, ಪಕ್ಕದ ತೋಳಿನಲ್ಲಿರುವುದರ ಅರ್ಧ. ಹಿಡಿಯ ಹೊಟ್ಟೆಯ ಕಡೆ ಎರಡು ಮಿಲಿಮೀಟರ್ ಕೆತ್ತಿದರೂ ಅದು ಅರ್ಧಕ್ಕಿಂತ ತುಸು ಮೇಲೆ ಹೋದೀತು, ಅಷ್ಟೆ. ಅಲ್ಲಿ ಹೂವನ್ನೋ ಹಕ್ಕಿಯನ್ನೋ ಬಿಡಿಸಬಹುದು. ಒಂದೇ ಎಚ್ಚರಿಕೆ ಎಂದರೆ ಹಿಡಿಯು ತೆಳ್ಳಗಾಗುತ್ತ ತೋಳಾಗಿ ಮಾರ್ಪಡುವ ಇಳಿಜಾರಿನೊಳಕ್ಕೆ ಕೆತ್ತನೆಯ ಬಾಲ ಹರಿಯಕೂಡದು. ಬಾಗದ ಭಾಗವೂ ಬಾಗುವ ಭಾಗವೂ ಸಂಧಿಸುವ ಆ ಗಡಿ, ಬಿಲ್ಲಿನಲ್ಲಿ ಬೆನ್ನಿನ ನಂತರದ ಸೂಕ್ಷ್ಮಸ್ಥಳ.

ಎರಡನೆಯದು ತುದಿಗಳು. ಒಂದು ಸ್ಥಳವನ್ನು ಬಾಗಿಸುವ ಪ್ರಭಾವ ಆ ಸ್ಥಳವು ಹೆದೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅವಲಂಬಿಸಿದೆ. ತುದಿಯಲ್ಲಿ ಹೆದೆಯೂ ಮರವೂ ಕೂಡುವುದರಿಂದ ದೂರ ಹೆಚ್ಚುಕಡಿಮೆ ಸೊನ್ನೆ. ಆದುದರಿಂದ ತುದಿಯ ಕೊನೆಯ ಕೆಲವು ಅಂಗುಲಗಳು ಬಾಗುವುದೇ ಇಲ್ಲವೆನ್ನಬಹುದು. ಹಾಗೆಂದು ಅಲ್ಲಿ ದಪ್ಪನೆಯ ಸಿಂಹದ ತಲೆಯನ್ನು ಉಳಿಸಿಕೊಂಡರೆ ಇನ್ನೊಂದು ನಷ್ಟ ಕಾದಿದೆ: ಬಿಲ್ಲಿನಲ್ಲಿ ಅತಿ ದೂರ ಚಲಿಸುವ ಭಾಗ ತುದಿಯೇ. ಅಲ್ಲಿಟ್ಟ ಪ್ರತಿಯೊಂದು ಗ್ರಾಂ ತೂಕವೂ ಬಾಣಕ್ಕೆ ಸೇರಬೇಕಾದ ಶಕ್ತಿಯಲ್ಲಿ ಪಾಲು ಕೇಳುತ್ತದೆ. ತುದಿಯ ಕೆತ್ತನೆ ಚಿಕ್ಕದಾಗಿರಬೇಕು, ಹಗುರಾಗಿರಬೇಕು.

ತೋಳಿನ ಪಕ್ಕೆಗಳಲ್ಲಿಯೂ ಒಂದು ಸಣ್ಣ ಅವಕಾಶವಿದೆ. ದಪ್ಪದ ನಡುವಣ ಮೂರನೆಯ ಒಂದು ಭಾಗ ಒಟ್ಟು ಬಿಗುವಿಗೆ ಕೊಡುವ ಕಾಣಿಕೆ ಮೂರರ ಘನದಲ್ಲಿ ಒಂದು, ಎಂದರೆ 27ರಲ್ಲಿ 1 ಅಂಶ ಮಾತ್ರ. ತಟಸ್ಥ ಪದರದ ಉದ್ದಕ್ಕೂ ಐದು ಮಿಲಿಮೀಟರ್ ಅಗಲದ ಓಣಿಯಲ್ಲಿ ಎಳೆಗಳ ದಿಕ್ಕಿನಲ್ಲಿಯೇ ತೆಳುವಾದ ಗೆರೆಗಳನ್ನು ಹರಿಯಬಿಡಬಹುದು. ಕೈ ನಡುಗುವವರು ಈ ಪ್ರಯತ್ನಕ್ಕೆ ಹೋಗದಿರುವುದು ಲೇಸು.

ಹಳೆಯ ಬಿಲ್ಲುಗಳು ಹೇಳುವುದೇನು?

ಈ ಲೆಕ್ಕಗಳಾವುವೂ ತಿಳಿಯದ ಕಾಲದವರು ಏನು ಮಾಡಿದರೆಂಬುದು ಸ್ವಾರಸ್ಯವಾದ ವಿಷಯ. 1944ರಲ್ಲಿ ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಎಂಬಲ್ಲಿಯ ಜೌಗುಮಣ್ಣಿನಲ್ಲಿ ದೊರೆತ ಎಲ್ಮ್ ಮರದ ಬಿಲ್ಲಿಗೆ ಸುಮಾರು 9,000 ವರ್ಷ ವಯಸ್ಸು. ಅಗಲವಾದ ಚಪ್ಪಟೆ ತೋಳುಗಳು, ಕಿರಿದಾದ ದಪ್ಪ ಹಿಡಿ. ಮೇಲೆ ನಾವು ಲೆಕ್ಕಹಾಕಿದ ಆಕಾರವೇ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, 5,000 ವರ್ಷಗಳಿಗೂ ಹಿಂದಿನ ಮನುಷ್ಯನ ಬಳಿ 1.82 ಮೀಟರ್ ಉದ್ದದ ಯೂ ಮರದ ಬಿಲ್ಲಿತ್ತು. ಅದನ್ನು ಅವನು ಮುಗಿಸಿರಲಿಲ್ಲ. ಮೈಮೇಲೆ ಕೊಡಲಿಯ ಕಚ್ಚುಗಳು ಇಂದಿಗೂ ಕಾಣುತ್ತವೆ. ಅವನ್ನೆಲ್ಲ ಹೆರೆದು ನಯಗೊಳಿಸುವ ಮೊದಲೇ ಅವನು ತೀರಿಕೊಂಡ. ಬಿಲ್ಲು ಮಾಡುವ ಕೆಲಸವೆಂದರೆ ಬಹುಮಟ್ಟಿಗೆ ಗೀರುಗಳನ್ನು ಅಳಿಸುವ ಕೆಲಸವೇ.

1961ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತದ ಮೀರ್ ಹೀತ್ ಎಂಬಲ್ಲಿ ಇನ್ನೊಂದು ಯೂ ಬಿಲ್ಲಿನ ಅರ್ಧಭಾಗ ದೊರೆಯಿತು. ಅದು ನವಶಿಲಾಯುಗದ್ದು. ಅದರ ಅಗಲವಾದ ತೋಳಿನ ಮೇಲೆ ಅಡ್ಡಪಟ್ಟಿಗಳನ್ನೂ ಓರೆಯಾಗಿ ಹೆಣೆದ ಜಾಲವನ್ನೂ ಸುತ್ತಿದ್ದ ಗುರುತುಗಳಿವೆ. ನೋಟಕ್ಕೆ ಅಂದವಾದ ಚೌಕಳಿ. ಆದರೆ ಮರದ ಒಂದೆಳೆಯೂ ಕತ್ತರಿಸಿಲ್ಲ. ಸುತ್ತಿದ ಪಟ್ಟಿ ಅಲಂಕಾರವಾದುದಲ್ಲದೆ ಏಳಬಹುದಾದ ಸಿಬಿರನ್ನು ಅದುಮಿಯೂ ಹಿಡಿಯುತ್ತದೆ. ಜಪಾನೀಯರು ಮರ ಬಿದಿರುಗಳನ್ನು ಜೋಡಿಸಿ ಮಾಡುವ ಆಳೆತ್ತರ ಮೀರಿದ ಬಿಲ್ಲುಗಳಿಗೆ ಅರಗಿನ ಬಣ್ಣ ಬಳಿದು, ಬೆತ್ತದ ಸುತ್ತುಗಳನ್ನು ಲೆಕ್ಕವಿಟ್ಟು ಸುತ್ತಿ ಸಿಂಗರಿಸಿದುದೂ ಇದೇ ಜಾಣತನ. ಉತ್ತರ ಅಮೆರಿಕದ ಕ್ಯಾಲಿಫೋರ್ನಿಯದ ವಾಯವ್ಯ ಭಾಗದ ಆದಿನಿವಾಸಿಗಳು ಬಿಲ್ಲಿನ ಬೆನ್ನಿಗೆ ಪ್ರಾಣಿಗಳ ನರವನ್ನು ಅಂಟಿಸಿ, ಅದರ ಮೇಲೆ ರೇಖಾಗಣಿತದ ಆಕೃತಿಗಳನ್ನು ಬಣ್ಣದಲ್ಲಿ ಬರೆದರು. ಉಳಿ ಹೋಗಬಾರದ ಕಡೆಗೆ ಕುಂಚವನ್ನು ಕಳುಹಿಸಿದರು!

ನಮ್ಮ ಅಂಡಮಾನಿನ ಉದಾಹರಣೆ ಇನ್ನೂ ಹತ್ತಿರದ್ದು. 1880ರ ದಶಕದಲ್ಲಿ ಇ. ಎಚ್. ಮ್ಯಾನ್ ಎಂಬ ಅಧಿಕಾರಿ ಗ್ರೇಟ್ ಅಂಡಮಾನಿನ ಜನರ ಜೀವನವನ್ನು ವಿವರವಾಗಿ ಬರೆದಿಟ್ಟರು. ಅವರ ಬಿಲ್ಲು ದೋಣಿಯ ಎರಡು ಹುಟ್ಟುಗಳನ್ನು ಜೋಡಿಸಿದಂತೆ ಅಗಲವಾದ ತೋಳುಗಳೂ ಸಣ್ಣ ಹಿಡಿಯೂ ಉಳ್ಳದ್ದು. ಮೈ ನಯಗೊಳಿಸಲು ಕಾಡುಹಂದಿಯ ಕೋರೆಯೇ ಅವರ ಕೀಸುಳಿ. ಅಂಥ ಬಿಲ್ಲುಗಳ ಮೇಲೆ ತೆಳುಗೀರುಗಳಿಂದಲೂ ಬಣ್ಣದಿಂದಲೂ ಮಾಡಿದ ಗೆರೆಚಿತ್ರಗಳಿವೆ. ಗೀರು ಚರ್ಮ ತರಚಿದಷ್ಟು ಮಾತ್ರ. ಕಣ್ಣಿಗೆ ಕಾಣಿಸುವ ಕೆಲಸವನ್ನು ಬಣ್ಣ ವಹಿಸಿಕೊಳ್ಳುತ್ತದೆ.

ಅತ್ಯಂತ ದೊಡ್ಡ ಸಾಕ್ಷ್ಯ ಸಿಕ್ಕಿದ್ದು ಸಮುದ್ರದ ತಳದಲ್ಲಿ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ‘ಮೇರಿ ರೋಸ್’ ಎಂಬ ಯುದ್ಧನೌಕೆ 1545ರ ಜುಲೈ 19ರಂದು ಪೋರ್ಟ್ಸ್‌ಮತ್ ಬಳಿ ಮುಳುಗಿತು. 1982ರಲ್ಲಿ ಅದರ ಒಡಲನ್ನು ಮೇಲೆತ್ತಿದರು. ಅವಶೇಷಗಳಲ್ಲಿ 137 ಇಡೀ ಬಿಲ್ಲುಗಳೂ 3,500ಕ್ಕೂ ಹೆಚ್ಚು ಬಾಣಗಳೂ ಇದ್ದುವು. ಬಿಲ್ಲುಗಳ ಸರಾಸರಿ ಉದ್ದ ಸುಮಾರು 1.98 ಮೀಟರ್, ಸೆಳೆಯಲು ಬೇಕಾದ ಬಲ 100ರಿಂದ 185 ಪೌಂಡಿನವರೆಗೆ ಇದ್ದಿರಬೇಕೆಂದು ಅಂದಾಜು. ಯೂ ಮರದ ಬಿಳಿಯ ಹೊರಮರ ಸೆಳೆತವನ್ನು ತಾಳುವುದರಿಂದ ಬೆನ್ನಿನಲ್ಲಿ, ಕೆಂಪು ಚೇಗು ಅದುಮನ್ನು ತಾಳುವುದರಿಂದ ಹೊಟ್ಟೆಯಲ್ಲಿ ಇರುವಂತೆ ಅವನ್ನು ಸೀಳಿ ಮಾಡಿದ್ದರು. ಮರದಲ್ಲಿ ಗಂಟಿರುವ ಕಡೆ ಸುತ್ತಲೂ ತುಸು ಉಬ್ಬಾಗಿ ಮರವನ್ನು ಬಿಟ್ಟಿದ್ದಾರೆ. ಎಳೆಗಳು ತಿರುಚಿಕೊಂಡ ಜಾಗದಲ್ಲಿ ಕಡಿಯುವ ಬದಲು ದಪ್ಪವನ್ನು ಕೂಡಿಸಿದ್ದಾರೆ. ಅಲಂಕಾರದ ಕೆತ್ತನೆಯೆಂಬುದು ಈ ಯುದ್ಧದ ಬಿಲ್ಲುಗಳಲ್ಲಿ ಕಾಣದು. ಇರುವುದು ನಡುಭಾಗದ ಬಳಿ ಮೊನೆಯಿಂದ ಒತ್ತಿದ ಚಿಕ್ಕ ಚಿಕ್ಕ ಗುರುತುಗಳು, ಬಹುಶಃ ಮಾಡಿದವನ ಅಂಕಿತ. ತುದಿಗಳಲ್ಲಿ ಮರವನ್ನು ಶಂಕುವಿನಂತೆ ಹೆರೆದು ಅದರ ಮೇಲೆ ಪ್ರಾಣಿಯ ಕೊಂಬಿನ ಟೊಪ್ಪಿಗೆಯನ್ನು ತೊಡಿಸುತ್ತಿದ್ದರು. ಕೊಂಬು ನೀರಿನಲ್ಲಿ ಕೊಳೆತುಹೋದರೂ ಅದು ಮುಚ್ಚಿದ್ದ ಮರ ತಿಳಿಬಣ್ಣವಾಗಿ ಉಳಿದುದರಿಂದ ಈ ಸಂಗತಿ ತಿಳಿಯಿತು. ಇಂದಿಗೂ ಈ ಬಗೆಯ ಬಿಲ್ಲು ಮಾಡುವವರು ಕೆತ್ತನೆಯ ಆಸೆಯನ್ನು ತೀರಿಸಿಕೊಳ್ಳುವುದು ಆ ಕೊಂಬಿನ ಕೊಪ್ಪಿನ ಮೇಲೆಯೇ.

ನ್ಯೂಗಿನಿಯ ಜನರ ಜಾಣ್ಮೆಯಂತೂ ನಗು ತರಿಸುವಂಥದು. ತಾಳೆಯ ಜಾತಿಯ ಮರದಿಂದ ಬಿಲ್ಲು ಮಾಡುವ ಅವರು ತಮ್ಮ ಕೆತ್ತನೆಯ ಕೌಶಲವನ್ನೆಲ್ಲ ಬಾಣದ ಮುಂಭಾಗಕ್ಕೆ ಧಾರೆಯೆರೆಯುತ್ತಾರೆ. ಬಾಣ ಹೋದರೆ ಹೋಗಲಿ, ಬಿಲ್ಲು ಉಳಿಯಬೇಕು!

ವಿದ್ಯಾರ್ಥಿಗಳು ಬಿಲ್ಲನ್ನು ಮುರಿಯದೆಯೇ ಈ ವಿಷಯವನ್ನು ಪರೀಕ್ಷಿಸಬಹುದು. ಬಡಗಿಯಿಂದ ಒಂದೇ ಹಲಗೆಯ ನೇರ ಎಳೆಯ ನಾಲ್ಕು ಪಟ್ಟಿಗಳನ್ನು ಕೊಯ್ಯಿಸಿರಿ: ಉದ್ದ 60 ಸೆಂಟಿಮೀಟರ್, ಅಗಲ 2 ಸೆಂಟಿಮೀಟರ್, ದಪ್ಪ 6 ಮಿಲಿಮೀಟರ್. ಮೊದಲನೆಯದನ್ನು ಹಾಗೆಯೇ ಬಿಡಿ. ಎರಡನೆಯದರ ನಡುವೆ ಒಂದು ಮಿಲಿಮೀಟರ್ ಆಳದ ಚೂಪುಗೀರನ್ನು ಅಡ್ಡಲಾಗಿ ಕೊರೆದು, ಗೀರು ಕೆಳಮುಖವಾಗಿರಲಿ. ಮೂರನೆಯದರಲ್ಲಿ ಅಂಥದೇ ಗೀರು ಮೇಲ್ಮುಖವಾಗಿರಲಿ. ನಾಲ್ಕನೆಯದರಲ್ಲಿ ಅಷ್ಟೇ ಆಳದ ಗೀರನ್ನು ಎಳೆಗಳ ಉದ್ದಕ್ಕೆ ಎಳೆದು ಕೆಳಮುಖವಾಗಿಡಿ. ಅರ್ಧ ಮೀಟರ್ ಅಂತರದ ಎರಡು ಆಧಾರಗಳ ಮೇಲೆ ಪಟ್ಟಿಯನ್ನಿಟ್ಟು, ನಡುವಿನಿಂದ ಬಕೆಟ್ಟನ್ನು ತೂಗಹಾಕಿ, ಮುರಿಯುವವರೆಗೆ ಮರಳನ್ನು ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ಬಳಿಕ ಬಕೆಟ್ಟನ್ನು ತೂಗಿರಿ. ತೇಗವಾದರೆ ಗೀರಿಲ್ಲದ ಪಟ್ಟಿ ಎಂಟು ಕಿಲೋಗ್ರಾಮಿನ ಆಸುಪಾಸು ತಾಳೀತು. ಬರಿಯ ದಪ್ಪದ ನಷ್ಟವನ್ನು ಗಣಿಸಿದರೆ ಎರಡನೆಯ ಪಟ್ಟಿ ಅದರ ನೂರಕ್ಕೆ 69ರಷ್ಟನ್ನು ಹೊರಬೇಕು, ಏಕೆಂದರೆ ಆರರಲ್ಲಿ ಐದು ಅಂಶದ ವರ್ಗ 0.69. ಅದಕ್ಕಿಂತ ಎಷ್ಟು ಕಡಿಮೆ ಹೊತ್ತಿತೋ ಅಷ್ಟು ಗೀರಿನ ಆಕಾರದ ಪಾಲು. ಮೂರನೆಯ, ನಾಲ್ಕನೆಯ ಪಟ್ಟಿಗಳ ಅಂಕಿಗಳನ್ನು ಇದರ ಪಕ್ಕದಲ್ಲಿ ಬರೆದು ಹೋಲಿಸಿರಿ. ಒಂದೊಂದು ಬಗೆಯಲ್ಲಿ ಮೂರು ನಾಲ್ಕು ಪಟ್ಟಿಗಳನ್ನು ಮುರಿದು ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು. ಒಂದು ಮರದ ಚೂರು ಇನ್ನೊಂದರಂತಿರುವುದಿಲ್ಲ. ಬಕೆಟ್ಟು ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು. ಮುಖವನ್ನು ಪಟ್ಟಿಯ ಹತ್ತಿರ ತರಬೇಡಿ, ಕಣ್ಣಿಗೆ ಕನ್ನಡಕವಿರಲಿ. ಮುರಿದ ತುಂಡುಗಳನ್ನು ಎಸೆಯದೆ ಭೂತಗನ್ನಡಿಯಲ್ಲಿ ನೋಡಿರಿ: ಬಿರುಕು ಗೀರಿನ ತಳದಿಂದ ನೇರವಾಗಿ ಒಳಕ್ಕೆ ಹೋಗಿದೆಯೋ, ಎಳೆಗಳ ದಾರಿ ಹಿಡಿದು ಪಕ್ಕಕ್ಕೆ ತಿರುಗಿದೆಯೋ?